ಒಂದು ಮುಂದಕ್ಕೆ, ಮೂರು ಹಿಂದಕ್ಕೆ

ಮಾರ್ಚ್ 4, ಮಂಗಳವಾರ

ಇವರು ಸ್ಟೂಲಿನಿಂದ ಬಿದ್ದು ಎರಡೂ ಮಣಿಕಟ್ಟು ಮುರಿದುಕೊಂಡಿದ್ದಾರೆ. ಒಂದು ಕೈ ಮುರಿದುಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ. ಎರಡನ್ನೂ ಒಟ್ಟಿಗೆ ಮುರಿದುಕೊಳ್ಳಲು ಒಂದು ಬಗೆಯ ಅಚ್ಚುಕಟ್ಟುತನ ಬೇಕು. ಸ್ಟೂಲು ಹತ್ತಿ ಏನು ಮಾಡುತ್ತಿದ್ದಿರಿ ಎಂದು ಮೂಳೆ ಡಾಕ್ಟರು ಕೇಳಿದರು.

"ಸ್ಟೂಲು ಅಲ್ಲಾಡತ್ತಾ ಅಂತ ನೋಡ್ತಿದ್ದೆ."

"ಅಲ್ಲಾಡ್ತಿತ್ತಾ?"

"ಹೂಂ."

ಡಾಕ್ಟರು ತಲೆಯೆತ್ತದೆ ಬರೆದುಕೊಂಡರು. ಮೊಣಕೈವರೆಗೆ ಪ್ಲಾಸ್ಟರು, ಆರು ವಾರ.

ಆರು ವಾರ ಎಂದರೆ ಸರಿಯಾಗಿ ನನ್ನ ರಜೆ. ಗ್ರಂಥಾಲಯದ ಹಸ್ತಪ್ರತಿ ವಿಭಾಗದಲ್ಲಿ ಇಪ್ಪತ್ತು ವರ್ಷ ಹುಳ ತಿಂದುಳಿದ ಅಕ್ಷರಗಳನ್ನು ಬಿಡಿಸಿ ಓದಿದ್ದಕ್ಕೆ ಸಿಕ್ಕ ಮೊದಲ ಉದ್ದನೆಯ ರಜೆ. ಕಿಟಕಿ ಪಕ್ಕಕ್ಕೆ ಕುರ್ಚಿ ಎಳೆದು ಏಳು ಕವನ ಸಂಕಲನಗಳನ್ನು ಪೇರಿಸಿಟ್ಟಿದ್ದೆ. ಈಗ ಅವುಗಳ ಮೇಲೆ ಇವರ ಮಾತ್ರೆಯ ಡಬ್ಬಿ ಕೂತಿದೆ.

ತುತ್ತು ಕೊಟ್ಟೆ. ಹಲ್ಲುಜ್ಜಿದೆ. ಮೂಗು ಕೆರೆದೆ. "ಎಡಕ್ಕೆ... ಅಲ್ಲ ಕಣೇ, ನನ್ನ ಎಡಕ್ಕೆ!" ಎಂದು ರೇಗಿದರು.

ಒಂದು ಲಾಭವನ್ನೂ ಬರೆದಿಡಬೇಕು. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಇವರು ನನ್ನ ಮಾತು ಮುಗಿಯುವವರೆಗೆ ಕೋಣೆಯಲ್ಲೇ ಇದ್ದರು. ಚಿಲಕ ತೆಗೆಯಲು ಕೈ ಬೇಕಲ್ಲ.

ಮಾರ್ಚ್ 6, ಗುರುವಾರ

ಡಬ್ಬದ ಚಿಂತೆ ಶುರುವಾಗಿದೆ.

ಡಬ್ಬ ಎಂದರೆ ಶೆಡ್ಡಿನಲ್ಲಿರುವ ಇವರ ಕಾರು. ಮಾವನವರು ಕಾರು ಕಾರ್ಖಾನೆಯಲ್ಲಿ ವಿನ್ಯಾಸಗಾರರಾಗಿದ್ದರು. ಹಿಂದಿನ ಚಕ್ರ ನೂಕಿ ಗಾಡಿ ಓಡುತ್ತಿದ್ದ ಕಾಲದಲ್ಲಿ ಮುಂದಿನ ಚಕ್ರ ಎಳೆದು ಓಡುವ ಗಾಡಿ ಮಾಡುತ್ತೇನೆಂದು ಹೊರಟರು. ಮಾದರಿಗೆಂದು ಮೂರು ಗಾಡಿ ಮಾಡಿದ ಮೇಲೆ ಕಾರ್ಖಾನೆ ಸಾಕು ಎಂದಿತು. ಎರಡನ್ನು ಕತ್ತರಿಸಿ ಹಾಕಿದರು. ನಿವೃತ್ತಿಯ ದಿನ ಬೇರೆಯವರಿಗೆ ಗೋಡೆ ಗಡಿಯಾರ ಕೊಟ್ಟಂತೆ ಮಾವನವರಿಗೆ ಮೂರನೆಯದನ್ನು ಕೊಟ್ಟರು. ಗಡಿಯಾರವಾಗಿದ್ದರೆ ಮೊಳೆ ಹೊಡೆದು ನೇತುಹಾಕಬಹುದಿತ್ತು.

ಶೆಡ್ಡು ಇರುವುದು ಅತ್ತಿಗೆಯ ಪಾಲಿನ ಅಂಗಳದಲ್ಲಿ. ಇವರ ಅಕ್ಕ, ಪರದೆ ಹೊಲಿಸುವ ವ್ಯಾಪಾರ, ಗೋಡೆಯಾಚೆಯ ಮನೆ. ಏಪ್ರಿಲ್ 12ಕ್ಕೆ ಆರು ಹೊಸ ಹೊಲಿಗೆ ಯಂತ್ರಗಳು ಬರುತ್ತವೆ, ಅಷ್ಟರಲ್ಲಿ ಶೆಡ್ಡು ಖಾಲಿಯಾಗಬೇಕು. ವಾಹನಗಳ ಮ್ಯೂಸಿಯಮ್ಮಿನವರು ತಮ್ಮ ಓಡುವ ಗಾಡಿಗಳ ವಿಭಾಗಕ್ಕೆ ಇದನ್ನು ಸೇರಿಸಿಕೊಳ್ಳಲು ಒಪ್ಪಿದ್ದಾರೆ. ಒಂದೇ ಷರತ್ತು: ಏಪ್ರಿಲ್ 10ಕ್ಕೆ ಅವರು ನೋಡಲು ಬಂದಾಗ ಗಾಡಿ ತನ್ನ ಬಲದಿಂದಲೇ ಗೇಟಿನವರೆಗೆ ಹೋಗಿ ಬರಬೇಕು. ಇಲ್ಲದಿದ್ದರೆ ಗುಜರಿ. ಅತ್ತಿಗೆ ಗುಜರಿಯವರ ಜೊತೆ ಈಗಾಗಲೇ ಮಾತಾಡಿದ್ದಾರೆ.

ಇವರು ಗೇರ್‌ಬಾಕ್ಸನ್ನು ಪೂರ್ತಿ ಬಿಚ್ಚಿ, ಹನ್ನೊಂದು ತಟ್ಟೆಗಳಲ್ಲಿ ಹರವಿ, ಆಮೇಲೆ ಸ್ಟೂಲು ಹತ್ತಿದ್ದಾರೆ.

ಅತ್ತಿಗೆ ಸಂಜೆ ಬಂದು ತಮ್ಮನ ಎರಡೂ ಕೈ ನೋಡಿದರು.

"ಆಯ್ತಲ್ಲ ಕಥೆ. ಗುಜರಿಯವರಿಗೆ ಬರೋಕೆ ಹೇಳ್ಲಾ?"

"ಅಕ್ಕ, ಇನ್ನೂ ಟೈಮಿದೆ."

"ಟೈಮಿದೆಯಪ್ಪ. ಕೈ ಎಲ್ಲಿದೆ?"

ಆಗ ಇವರು ನನ್ನ ಕಡೆ ನೋಡಿದರು. ನಾನು ಪುಸ್ತಕದ ಕಡೆ ನೋಡಿದೆ.

ಮಾರ್ಚ್ 9, ಭಾನುವಾರ

ಒಪ್ಪಿಕೊಂಡೆ. ಪ್ರೀತಿಯಿಂದೇನಲ್ಲ. ಮೂರು ದಿನದಿಂದ ಮಂಚದ ಮೇಲೆ ಮಲಗಿ ಸೂರು ನೋಡುತ್ತಾ ಉಸಿರು ಬಿಡುತ್ತಿದ್ದರು, ಆ ಸದ್ದಿನಲ್ಲಿ ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ. ಡಬ್ಬ ತೊಲಗಿದರೆ ಉಸಿರೂ ನಿಲ್ಲುತ್ತದೆ. ಅಂದರೆ, ಆ ಉಸಿರು.

ಇವರು ಕುರ್ಚಿಯಲ್ಲಿ, ಎರಡೂ ಪ್ಲಾಸ್ಟರು ತೊಡೆಯ ಮೇಲೆ. ನಾನು ನೆಲದಲ್ಲಿ.

"ಹದಿನೇಳರ ಸ್ಪ್ಯಾನರ್ ತಗೋ."

"ಇದಾ?"

"ಅದು ಇಕ್ಕಳ."

"ಇದು?"

"ಅದೂ ಇಕ್ಕಳಾನೇ ಕಣೇ. ನೀನು ಎಂ.ಎ. ಹೇಗೆ ಮಾಡಿದೆ?"

"ಇಕ್ಕಳ ಸಿಲಬಸ್ಸಲ್ಲಿರಲಿಲ್ಲ."

ಒಂದೂವರೆ ಗಂಟೆ ಕೆಲಸ. ನಾಲ್ಕು ಬೋಲ್ಟು. ಸೊಂಟ ಬೇರೆಯವರದ್ದು ಅನ್ನಿಸುತ್ತಿದೆ.

ಮಾರ್ಚ್ 13, ಗುರುವಾರ

ಡಬ್ಬದ ಅಂಗರಚನೆ ಕೇಳಿಸಿಕೊಂಡೆ. ಬೇರೆ ದಾರಿಯಿರಲಿಲ್ಲ, ಅದರ ಕೆಳಗೆ ಮಲಗಿದ್ದೆ.

ಲೋಕದ ಕಾರುಗಳಲ್ಲಿ ಎಂಜಿನ್ನು ಮುಂದಕ್ಕೆ ಮುಖ ಮಾಡಿರುತ್ತದೆ. ಮಾವನವರು ಅದನ್ನು ಹಿಡಿದು ತಿರುಗಿಸಿ, ಬೆನ್ನು ರಸ್ತೆಗೆ, ಮುಖ ಸವಾರರಿಗೆ ಮಾಡಿ ಕೂರಿಸಿದ್ದಾರೆ. ಎಂಜಿನ್ನಿನ ಮುಂದೆ, ಗಾಡಿಯ ಮೂಗಿನ ತುದಿಯಲ್ಲಿ ಗೇರ್‌ಬಾಕ್ಸು. ಬ್ರೇಕುಗಳು ಚಕ್ರದ ಹತ್ತಿರವಿಲ್ಲ, ಗೇರ್‌ಬಾಕ್ಸಿನ ಎರಡು ಕಿವಿಗಳಂತೆ ಅಂಟಿಕೊಂಡಿವೆ. ಚಕ್ರದ ಭಾರ ಕಡಿಮೆಯಾದರೆ ರಸ್ತೆಯ ಗುಂಡಿಗೆ ಮೆತ್ತಗೆ ಇಳಿಯುತ್ತದಂತೆ. ಗೇರಿನ ಕೋಲು ನೆಲದಿಂದ ಬರುವುದಿಲ್ಲ, ಡ್ಯಾಶ್‌ಬೋರ್ಡಿನಿಂದ ಕೊಡೆಯ ಹಿಡಿಯ ಹಾಗೆ ಆಚೆ ಬಂದಿದೆ. ಹಿಂದಿನ ಚಕ್ರಕ್ಕೆ ಬಲ ಒಯ್ಯುವ ದಂಡವೇ ಇಲ್ಲದ್ದರಿಂದ ಒಳಗಿನ ನೆಲ ಸಪಾಟು. ನಾನು ಅಡ್ಡಡ್ಡ ಮಲಗಿ ನೋಡಿದೆ, ಕಾಲು ಚಾಚಬಹುದು. ಓದಲು ಒಳ್ಳೆಯ ಜಾಗ.

ಇವತ್ತಿನ ಕೆಲಸ ಯೂನಿವರ್ಸಲ್ ಜಾಯಿಂಟು. ಮುಂದಿನ ಚಕ್ರ ತಿರುಗಬೇಕು, ಜೊತೆಗೆ ರಸ್ತೆ ಬಾಗಿದ ಕಡೆ ಹೊರಳಲೂ ಬೇಕು. ಆದ್ದರಿಂದ ಚಕ್ರಕ್ಕೆ ಬಲ ಒಯ್ಯುವ ದಂಡದಲ್ಲಿ ಒಂದು ಕೀಲು. ಆದರೆ ಒಂದೇ ಕೀಲಿದ್ದರೆ ಬಾಗಿದಾಗ ಚಕ್ರ ಒಂದೇ ಸಮನೆ ಸುತ್ತುವುದಿಲ್ಲ, ಒಂದು ಕ್ಷಣ ಓಡುತ್ತದೆ, ಒಂದು ಕ್ಷಣ ತಡೆಯುತ್ತದೆ. ಮಾವನವರು ಎರಡು ಕೀಲುಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದ್ದಾರೆ. ಮೊದಲನೆಯದು ಮಾಡಿದ ತಪ್ಪನ್ನು ಎರಡನೆಯದು ಅಷ್ಟೇ ಪ್ರಮಾಣದಲ್ಲಿ ಉಲ್ಟಾ ಮಾಡುತ್ತದೆ, ಚಕ್ರ ನೆಟ್ಟಗೆ ಸುತ್ತುತ್ತದೆ.

ಇದು ದಾಂಪತ್ಯಕ್ಕೆ ಒಳ್ಳೆಯ ರೂಪಕ ಎಂದು ಯಾರಾದರೂ ಹೇಳಿದರೆ ಹದಿನೇಳರ ಸ್ಪ್ಯಾನರಿನಿಂದ ಹೊಡೆಯುತ್ತೇನೆ. ಈಗ ಅದು ಯಾವುದೆಂದು ಗೊತ್ತು.

ಜಾಯಿಂಟಿಗೆ ನಾನು ಸಂಧಿ ಎನ್ನುತ್ತೇನೆ, ವ್ಯಾಕರಣ ಓದಿದ ನಾಲಗೆ. ಎಡಚಕ್ರದ್ದು ಲೋಪಸಂಧಿ, ಒಂದು ಲಾಕು ಕಾಣೆಯಾಗಿದೆ. ಬಲಚಕ್ರದ್ದು ಆಗಮಸಂಧಿ, ಜೋಡಿಸಿದ ಮೇಲೆ ಒಂದು ವಾಷರು ಹೆಚ್ಚಿಗೆ ಉಳಿದಿದೆ. ಇವರಿಗೆ ಹೇಳಿದೆ. ನಗಲಿಲ್ಲ. ಹೆಚ್ಚಿಗೆ ಉಳಿದದ್ದು ಎಲ್ಲಿಯದು ಎಂದು ಊಟದವರೆಗೂ ಕೇಳಿದರು.

ಮಾರ್ಚ್ 15, ಶನಿವಾರ

ಹೆಬ್ಬೆರಳಿಗೆ ಸುತ್ತಿಗೆ. ಒಂದು ಸಾಲೂ ಓದಲಿಲ್ಲ.

ಮಾರ್ಚ್ 21, ಶುಕ್ರವಾರ

ಕೊನೆಗೂ ನನ್ನ ವಿಷಯಕ್ಕೆ ಬಂದೆವು. ಮಾವನವರ ಟಿಪ್ಪಣಿ ಪುಸ್ತಕ.

ಗೇರ್‌ಬಾಕ್ಸು ಜೋಡಿಸುವುದಕ್ಕೆ ಬೇರೆ ಯಾವ ಪುಸ್ತಕವೂ ಇಲ್ಲ, ಮೂರೇ ಗಾಡಿ ಮಾಡಿದ್ದಕ್ಕೆ ಯಾರು ಪುಸ್ತಕ ಅಚ್ಚು ಹಾಕಿಸುತ್ತಾರೆ? ಇವರಿಗೆ ಅಪ್ಪನ ಕೈಬರಹ ಓದಲು ಬರುವುದಿಲ್ಲ. ಇಷ್ಟು ದಿನ ಚಿತ್ರ ನೋಡಿ ಅಂದಾಜಿನ ಮೇಲೆ ನಡೆಸುತ್ತಿದ್ದರಂತೆ! ನಾನು ಒಂದು ಬೆಳಿಗ್ಗೆಯಲ್ಲಿ ಹದಿನಾಲ್ಕು ಪುಟ ಬಿಡಿಸಿದೆ. ಇವರು ಕುರ್ಚಿಯಲ್ಲಿ ಕೂತು ಬಾಯಿಬಿಟ್ಟುಕೊಂಡು ಕೇಳಿದರು. ಇಪ್ಪತ್ತು ವರ್ಷದ ನನ್ನ ಉದ್ಯೋಗಕ್ಕೆ ಈ ಮನೆಯಲ್ಲಿ ಸಿಕ್ಕ ಮೊದಲ ಶ್ರೋತೃ.

ಒಂದು ಕಡೆ ಮಾತ್ರ ಪಠ್ಯ ಸಂಶಯಾಸ್ಪದ. ಗೇರ್‌ಬಾಕ್ಸಿನೊಳಗೆ ಊಟದ ತಟ್ಟೆಯಷ್ಟು ದೊಡ್ಡ ಹಲ್ಲುಚಕ್ರವೊಂದಿದೆ, ಕ್ರೌನ್ ವೀಲು. ಅದರ ಹಲ್ಲಿಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ ಕಚ್ಚಿಕೊಳ್ಳುತ್ತದೆ. ತಟ್ಟೆಯನ್ನು ಪಿನಿಯನ್ನಿನ ಯಾವ ಪಕ್ಕಕ್ಕೆ ಬೇಕಾದರೂ ಕೂರಿಸಬಹುದು, ಎರಡೂ ಕಡೆ ಜಾಗವಿದೆ. ಟಿಪ್ಪಣಿ ಹೇಳುವುದು: "ಕ್ರೌನ್ ವೀಲು ಎಡಕ್ಕೆ." ಕೆಳಗೆ ಎರಡು ಗೆರೆ. ಪಕ್ಕದ ಚಿತ್ರ ಎಣ್ಣೆ ಕುಡಿದು ಕಪ್ಪಾಗಿದೆ.

ಗ್ರಂಥಸಂಪಾದನೆಯ ಮೊದಲ ಪಾಠ: ಬರೆದವನು ಎಲ್ಲಿ ಕೂತು ಬರೆದ ಎಂದು ಕೇಳು. ಮಾವನವರ ಉಳಿದ ಚಿತ್ರಗಳನ್ನೆಲ್ಲ ತಿರುವಿ ನೋಡಿದೆ. ಪ್ರತಿಯೊಂದರಲ್ಲೂ ಸ್ಟೀರಿಂಗು ಉಲ್ಟಾ ಕಡೆಗಿದೆ. ಅಂದರೆ ಅವರು ಗಾಡಿಯ ಮೂಗಿನೆದುರು ನಿಂತು ಬರೆದಿದ್ದಾರೆ. ಎದುರು ನಿಂತವರ ಎಡ ಎಂದರೆ ಗಾಡಿಯ ಬಲ! ಇನ್ನು ಆ ಎರಡು ಗೆರೆ. ಖಚಿತವಿದ್ದವನು ಒಂದು ಗೆರೆಯನ್ನೂ ಎಳೆಯುವುದಿಲ್ಲ. ಎರಡು ಗೆರೆ ಎಂದರೆ ಬರೆದವನಿಗೇ ಅನುಮಾನ.

ನನ್ನ ಪ್ರತಿಯಲ್ಲಿ ಅಡಿಟಿಪ್ಪಣಿ ಹಾಕಿದೆ: ಎಡ ಎಂಬಲ್ಲಿ ಬಲ ಎಂಬ ಪಾಠವೇ ಯುಕ್ತ.

ಇವರಿಗೆ ಹೇಳಲಿಲ್ಲ. ಅಪ್ಪ ಬರೆದದ್ದನ್ನು ತಿದ್ದುತ್ತೀಯಾ ಎಂದು ಶೆಡ್ಡು ಹಾರಿಹೋಗುವ ಹಾಗೆ ಕೂಗುತ್ತಾರೆ. ಸರಿಯಾಗಿ ಕೂತ ಮೇಲೆ ಹೇಳಿದರಾಯಿತು.

ಮಾರ್ಚ್ 24, ಸೋಮವಾರ

ಇವರನ್ನು ಎಕ್ಸ್‌ರೇಗೆ ಅತ್ತಿಗೆ ಕರೆದುಕೊಂಡು ಹೋದರು. ನಾನೊಬ್ಬಳೇ ಶೆಡ್ಡಿನಲ್ಲಿ, ಮೊದಲ ಸಲ. ಎಷ್ಟು ನಿಶ್ಶಬ್ದ! ಕ್ರೌನ್ ವೀಲನ್ನು ಎರಡೂ ಕೈಯಲ್ಲಿ ಎತ್ತಿ ಗಾಡಿಯ ಬಲಕ್ಕೆ ಕೂರಿಸಿದೆ. ಹಲ್ಲಿಗೆ ಹಲ್ಲು ಕಚ್ಚಿದಾಗ ಆದ ಸದ್ದು ಒಳ್ಳೆಯ ಪ್ರಾಸದ ಸದ್ದು. ಕೈಯಲ್ಲಿ ತಿರುಗಿಸಿದೆ, ಬೆಣ್ಣೆ. ಮುಚ್ಚಳ ಹಾಕಿ ಹದಿನಾರು ಬೋಲ್ಟು ಬಿಗಿದೆ, ಅಡ್ಡಡ್ಡ ಕ್ರಮದಲ್ಲಿ, ಯಾರೂ ಹೇಳಿಕೊಡದೆ.

ಬಂದ ಕೂಡಲೇ ಕೇಳಿದರು, "ಎಡಕ್ಕೇ ತಾನೇ ಹಾಕಿದ್ದು?"

"ಹೂಂ, ಎಡಕ್ಕೇ."

ಮಾವನವರ ಎಡಕ್ಕೆ. ಸುಳ್ಳಲ್ಲ.

"ಅದೊಂದು ಕೂತ್ರೆ ಮಿಕ್ಕಿದ್ದೆಲ್ಲ ತಾನಾಗೇ ಕೂರತ್ತೆ" ಎಂದರು. ಆಮೇಲೆ, ಗೋಡೆಯ ಕಡೆ ನೋಡುತ್ತಾ, "ಚೆನ್ನಾಗಿ ಬಿಗಿದಿದೀಯ."

ಬರೆದಿಟ್ಟುಕೊಳ್ಳುತ್ತಿದ್ದೇನೆ, ಆಮೇಲೆ ಇಲ್ಲವೆನ್ನಬಹುದು.

ಮಾರ್ಚ್ 30, ಭಾನುವಾರ

ಗೇರ್‌ಬಾಕ್ಸು ಒಳಗೆ ಹೋಯಿತು. ಸರಪಳಿ ರಾಟೆಯಲ್ಲಿ ಇಳಿಸಿದೆ. ಇವರು "ನಿಧಾನ, ನಿಧಾನ" ಎನ್ನುತ್ತಾ ಕುರ್ಚಿಯನ್ನು ಕಾಲಿನಿಂದಲೇ ತಳ್ಳಿಕೊಂಡು ಹಿಂದೆ ಹಿಂದೆ ಬರುತ್ತಿದ್ದರು. ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು.

"ಏನಮ್ಮಾ, ಕವಿತೆ ಓದೋಳು ನೀನು. ನಿನ್ನ ಕೈ ನೋಡ್ಕೋ, ಗ್ಯಾರೇಜಿನವರ ಕೈ ಆಗಿದೆ."

"ಇವರ ಕೈ ಕವಿಗಳ ಕೈ ಆಗಿದೆಯಲ್ಲ ಅತ್ತಿಗೆ, ಬೆಳ್ಳಗೆ, ಕೆಲಸವಿಲ್ಲದೆ."

ಇವರು ನಕ್ಕುಬಿಟ್ಟರು. ಅತ್ತಿಗೆ ಮಾತ್ರ ಅಳತೆಪಟ್ಟಿ ತೆಗೆದು ಶೆಡ್ಡಿನ ಅಗಲ ಅಳೆದರು. ಪರದೆ ಬಟ್ಟೆಯ ಹನ್ನೆರಡು ಥಾನುಗಳನ್ನು ತಂದು ಹಿಂಗೋಡೆಗೆ ಒಟ್ಟಿಸಿ ಹೋದರು. ಯಂತ್ರ ಬರುವ ಮೊದಲೇ ಜಾಗ ಹಿಡಿಯುವ ಉಪಾಯ. ಗಾಡಿಯ ಹಿಂಭಾಗಕ್ಕೂ ಥಾನುಗಳಿಗೂ ನಡುವೆ ಎರಡು ಅಡಿ.

ಏಪ್ರಿಲ್ 3, ಗುರುವಾರ

ಎಂಜಿನ್ನು ಹತ್ತಿತು. ಇಪ್ಪತ್ತೊಂಬತ್ತು ವರ್ಷದ ನಂತರ. ಮೊದಲು ಕೆಮ್ಮಿತು, ಆಮೇಲೆ ಉಸಿರಾಡಿತು. ಇಬ್ಬರೂ ಅಲ್ಲೇ ಕೂತು ಕೇಳಿದೆವು. ಸಾರು ಸೀದುಹೋಯಿತು.

ಏಪ್ರಿಲ್ 8, ಮಂಗಳವಾರ

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ಹತ್ತು ಗಂಟೆ. ಶೆಡ್ಡಿನ ಬಾಗಿಲು ತೆರೆದಿದೆ, ಗಾಡಿಯ ಮೂಗು ಬಾಗಿಲ ಕಡೆ. ನಾನು ಸ್ಟೀರಿಂಗಿನ ಹಿಂದೆ. ಇವರು ಬಾಗಿಲ ಹೊರಗೆ, ಗಾಡಿ ಸ್ವಾಗತಿಸಲು ಪ್ಲಾಸ್ಟರು ಚಾಚಿಕೊಂಡು. ಅತ್ತಿಗೆ ಮೆಟ್ಟಿಲ ಮೇಲೆ ಕಾಫಿ ಲೋಟದೊಂದಿಗೆ.

"ಫಸ್ಟ್ ಹಾಕು. ಮೆಲ್ಲಗೆ ಕ್ಲಚ್ ಬಿಡು. ಮೆಲ್ಲಗೆ!"

ಹಾಕಿದೆ. ಮೆಲ್ಲಗೆ ಬಿಟ್ಟೆ. ಇವರು ದೂರವಾಗತೊಡಗಿದರು. ಮೊದಲು ಅನ್ನಿಸಿದ್ದು, ಇವರು ಯಾಕೆ ಹಿಂದಕ್ಕೆ ನಡೆಯುತ್ತಿದ್ದಾರೆ ಎಂದು. ಅಷ್ಟರಲ್ಲಿ ಬೆನ್ನ ಹಿಂದೆ ಧಪ್ ಎಂದಿತು. ಥಾನುಗಳು ಒಂದೊಂದಾಗಿ ಚಾವಣಿಯ ಮೇಲೆ ಬಿದ್ದವು. ಕೆನೆಬಣ್ಣದ ಪರದೆ ಬಟ್ಟೆ ಬಿಚ್ಚಿಕೊಂಡು ಗಾಜಿನ ಮೇಲಿಳಿದು ಲೋಕವೇ ಮುಚ್ಚಿಹೋಯಿತು.

ಹೊರಗೆ ಅತ್ತಿಗೆಯ ದನಿ: "ಮುಹೂರ್ತ ಚೆನ್ನಾಗಿತ್ತು."

"ಫಸ್ಟ್ ಅಂದ್ರೆ ರಿವರ್ಸ್ ಹಾಕಿದೀಯಲ್ಲೇ!"

"ಫಸ್ಟೇ ರೀ!"

ಬಟ್ಟೆ ಸರಿಸಿ, ಎಲ್ಲವನ್ನೂ ಪರೀಕ್ಷಿಸಿದೆವು. ಮೂರು ಮುಂದಿನ ಗೇರು, ಮೂರೂ ಹಿಂದಕ್ಕೆ. ಒಂದು ರಿವರ್ಸು, ಅದು ಮುಂದಕ್ಕೆ. ಅದೂ ಕುಂಟುತ್ತಾ, ಕಿರುಚುತ್ತಾ.

ಇವರು ಬಹಳ ಹೊತ್ತು ಗಾಡಿಯ ಮೂಗನ್ನೇ ನೋಡಿದರು. ಆಮೇಲೆ ನನ್ನನ್ನು.

"ಕ್ರೌನ್ ವೀಲು ಯಾವ ಕಡೆ ಹಾಕಿದೆ?"

ಹೇಳಿದೆ. ಸ್ಟೀರಿಂಗಿನ ಚಿತ್ರ, ಎದುರು ನಿಂತವರ ಎಡ, ಎರಡು ಗೆರೆ, ಅಡಿಟಿಪ್ಪಣಿ. ಹೇಳುತ್ತಾ ಹೇಳುತ್ತಾ ನನ್ನ ವಾದ ನನಗೇ ಚೆನ್ನಾಗಿದೆ ಅನ್ನಿಸಿದ್ದೇ ನಾಚಿಕೆಗೇಡು. ತಟ್ಟೆ ಪಿನಿಯನ್ನಿನ ಆ ಪಕ್ಕಕ್ಕೆ ಹೋದರೆ ಎಲ್ಲ ಗೇರೂ ತಿರುಗಾಮುರುಗಾ ಸುತ್ತುತ್ತದಂತೆ. ಅಷ್ಟೇ. ಗೇರ್‌ಬಾಕ್ಸಿನಲ್ಲಿ ಪಾಠಾಂತರ ಇರುವುದಿಲ್ಲ.

"ಯಾಕೆ ನನಗೆ ಹೇಳಲಿಲ್ಲ?"

"ಕೂಗಾಡ್ತೀರಿ ಅಂತ."

ನಾನು ಕಾದೆ. ಕೂಗಲಿಲ್ಲ.

"ಕೂಗಾಡ್ತಿದ್ದೆ" ಎಂದರು.

ಆಮೇಲೆ ಭುಜ ಅಲುಗಲು ಶುರುವಾಯಿತು. ಅಳುತ್ತಿದ್ದಾರೆಂದು ಓಡಿದೆ. ನಗುತ್ತಿದ್ದರು. ಕಣ್ಣಲ್ಲಿ ನೀರು, ಒರೆಸಿಕೊಳ್ಳಲು ಕೈಯಿಲ್ಲ. ನಾನೇ ಒರೆಸಿದೆ, ನನ್ನ ಕೈಯ ಗ್ರೀಸೆಲ್ಲ ಇವರ ಕೆನ್ನೆಗೆ ಮೆತ್ತಿತು.

ಗೇರ್‌ಬಾಕ್ಸು ಇಳಿಸಿ, ಬಿಚ್ಚಿ, ತಿರುಗಿಸಿ, ಮತ್ತೆ ಏರಿಸಲು ಹತ್ತು ದಿನ ಬೇಕು. ನಮ್ಮ ಹತ್ತಿರ ಇರುವುದು ಎರಡು.

ಏಪ್ರಿಲ್ 9, ಬುಧವಾರ

ನಿದ್ದೆ ಬಿಟ್ಟ ಕಣ್ಣಲ್ಲಿ ಬೆಳಿಗ್ಗೆ ಮಾವನವರ ಪುಸ್ತಕವನ್ನು ಗೇರ್‌ಬಾಕ್ಸಿನ ಪುಟಗಳಿಂದ ಮುಂದಕ್ಕೆ ಓದಿದೆ. ಇಷ್ಟು ದಿನ ಬೇಕಾದಷ್ಟನ್ನೇ ಓದಿ ಮುಚ್ಚಿದ್ದೆ. ವಿದ್ಯಾರ್ಥಿಗಳು ಹಾಗೆ ಮಾಡಿದರೆ ಬೈಯುತ್ತೇನೆ. ಆರು ಪುಟಗಳ ನಂತರ ಬಾಗಿಲು ಗೇಟುಗಳ ಅಳತೆಯ ನಡುವೆ ನಾಲ್ಕು ಸಾಲು:

"ಇಂದು ಎಲ್ಲರೆದುರು ಗಾಡಿ ಹಿಂದಕ್ಕೆ ಹೋಯಿತು. ಎಡ ಎಂದರೆ ಕೂತು ಓಡಿಸುವವನ ಎಡ. ನಿಂತು ನೋಡುವವನದಲ್ಲ. ನಾನೊಬ್ಬ ಕತ್ತೆ."

ಅದೇ ಶಾಯಿಯಲ್ಲಿ, ಹಿಂದಿನ ಪುಟಕ್ಕೆ ಹೋಗಿ ಎಡಕ್ಕೆ ಎಂಬುದರ ಕೆಳಗೆ ಗೆರೆ ಎಳೆದಿದ್ದಾರೆ. ಅದು ಅನುಮಾನದ ಗೆರೆಯಲ್ಲ, ಸುಟ್ಟುಕೊಂಡ ಬೆರಳಿನ ಗೆರೆ.

ನಾನು ಈ ಮನೆಗೆ ಬರುವ ಹೊತ್ತಿಗೆ ಮಾವನವರು ತೀರಿಕೊಂಡಿದ್ದರು. ಒಮ್ಮೆಯೂ ಮಾತಾಡದ ಮನುಷ್ಯನ ಜೊತೆ ಒಂದೇ ತಪ್ಪನ್ನು ಹಂಚಿಕೊಂಡಿದ್ದೇನೆ. ಅಷ್ಟು ಆಪ್ತವಾಗಿ ಯಾವ ಕವಿಯನ್ನೂ ಓದಿದ ನೆನಪಿಲ್ಲ.

ಇವರಿಗೆ ಓದಿ ಹೇಳಿದೆ. ಅಪ್ಪ ಕತ್ತೆ ಎಂದು ಬರೆದುಕೊಂಡಿದ್ದಾರಾ ಎಂದು ಮೂರು ಸಲ ಓದಿಸಿದರು. ನಂತರ ಉಪಾಯ ಹೇಳಿದರು.

"ನಾಳೆ ರಿವರ್ಸ್ ಹಾಕು. ಮುಂದಕ್ಕೆ ಹೋಗತ್ತೆ. ವಾಪಸ್ ಬರೋಕೆ ಫಸ್ಟ್. ಗೇರಿನ ಕೋಲು ಡ್ಯಾಶ್‌ಬೋರ್ಡಲ್ಲಿದೆ, ಯಾವುದು ಯಾವುದು ಅಂತ ಆ ಮ್ಯೂಸಿಯಮ್ಮಿನವನಿಗೇನು ಗೊತ್ತು?"

"ಮೋಸ ಅಲ್ವಾ ರೀ?"

"ಗೇಟಿಗೆ ಹೋಗಿ ಬರಬೇಕು ಅಂದಿದಾರೆ. ಹೋಗಿ ಬರತ್ತೆ."

ಏಪ್ರಿಲ್ 10, ಗುರುವಾರ

ಮ್ಯೂಸಿಯಮ್ಮಿನಿಂದ ಬಂದವರಿಗೆ ಪಟ್ಟಿ ಸಾಹೇಬರು ಎಂದು ಹೆಸರಿಟ್ಟಿದ್ದೇನೆ. ಕೈಯಲ್ಲಿ ರಟ್ಟಿನ ಹಲಗೆ, ಅದಕ್ಕೆ ಕಚ್ಚಿಸಿದ ಪಟ್ಟಿ, ಪಟ್ಟಿಯಲ್ಲಿ ನಲವತ್ತು ಖಾನೆ. ಟೈರಿಗೆ ಒಂದು ಸರಿ ಗುರುತು, ದೀಪಕ್ಕೆ ಒಂದು. ಸಪಾಟು ನೆಲ ನೋಡಿ "ಓಹೋ" ಎಂದರು. ಓಹೋಗೆ ಖಾನೆ ಇರಲಿಲ್ಲ.

ಹೊರಟೆ. ರಿವರ್ಸ್ ಗೇರು ಕೊಕ್ಕರೆ ಮರಿಯಂತೆ ಕಿರುಚುತ್ತಾ ಗಾಡಿಯನ್ನು ಗೇಟಿನವರೆಗೆ ಎಳೆದುಕೊಂಡು ಹೋಯಿತು. ನಿಲ್ಲಿಸಿ ಫಸ್ಟ್ ಹಾಕಿದೆ. ಬರುವಾಗ ಏನು ಚೆಂದ! ಹಿಂದಕ್ಕೆ, ಸದ್ದೇ ಇಲ್ಲದೆ, ನೀರಿನ ಮೇಲೆ ಜಾರಿದ ಹಾಗೆ.

ಪಟ್ಟಿ ಸಾಹೇಬರು ಹುಬ್ಬೇರಿಸಿದರು. "ರಿವರ್ಸ್ ತುಂಬಾ ಚುರುಕಾಗಿದೆಯಲ್ಲ ಮೇಡಂ."

ಥ್ಯಾಂಕ್ಸ್ ಎಂದಿದ್ದರೆ ಮುಗಿಯುತ್ತಿತ್ತು. ಅವರ ಬೆನ್ನ ಹಿಂದೆ ಇವರು ಎರಡೂ ಪ್ಲಾಸ್ಟರು ಎತ್ತಿ ಬೇಡ ಬೇಡ ಎಂದು ಬೀಸುತ್ತಿದ್ದರು.

"ಇನ್ನೂ ಎರಡಿವೆ ಸರ್" ಎಂದೆ.

"ಏನು ಎರಡು?"

"ರಿವರ್ಸು. ಒಟ್ಟು ಮೂರು ಹಿಂದಕ್ಕೆ, ಒಂದು ಮುಂದಕ್ಕೆ."

ಅವರು ಪಟ್ಟಿ ನೋಡಿದರು, ಗಾಡಿ ನೋಡಿದರು, ನನ್ನನ್ನು ನೋಡಿದರು. ಓಡುವ ವಿಭಾಗಕ್ಕೆ ಇದು ಆಗುವುದಿಲ್ಲ ಎಂದರು. ಕೆಟ್ಟವರಲ್ಲ. ಸ್ವಲ್ಪ ಹೊತ್ತು ಯೋಚಿಸಿ ಇನ್ನೊಂದು ದಾರಿ ಹೇಳಿದರು.

"ನಿಂತ ಗಾಡಿಗಳ ಹಾಲ್‌ಗೆ ತಗೋತೀವಿ. ಗೇರ್‌ಬಾಕ್ಸಿಗೆ ಗ್ರೀಸ್ ತುಂಬಿ ಸೀಲ್ ಮಾಡಿಬಿಡ್ತೀವಿ. ಮತ್ತೆ ಬಿಚ್ಚೋ ಹಾಗಿಲ್ಲ. ನಾಳೇನೇ ಲಾರಿ ಕಳಿಸ್ತೀನಿ."

ಅತ್ತಿಗೆಯ ಮುಖ ಅರಳಿತು. ಇವರು ನೆಲ ನೋಡುತ್ತಾ "ಆಗ್ಲಿ" ಎಂದರು. ಗುಜರಿಗಿಂತ ಮೇಲು ತಾನೇ? ಮೊದಲ ದಿನ ಯಾರಾದರೂ ಈ ಮಾತು ಹೇಳಿದ್ದರೆ ನಾನೇ ಲಾರಿಗೆ ಹಲಗೆ ಆನಿಸಿ ಗಾಡಿ ನೂಕಿ ಹತ್ತಿಸುತ್ತಿದ್ದೆ.

ಪಟ್ಟಿ ಸಾಹೇಬರು ಫಲಕಕ್ಕೆ ಬೇಕಾದ ಒಕ್ಕಣೆ ಬರೆಯುತ್ತಾ ಗಟ್ಟಿಯಾಗಿ ಓದಿಕೊಂಡರು: "ಮುಂಚಕ್ರ ಚಾಲನೆಯ ಒಂದು ವಿಫಲ ಪ್ರಯೋಗ. ವಿನ್ಯಾಸದ ದೋಷದಿಂದ ಹಿಮ್ಮುಖವಾಗಿ..."

"ವಿನ್ಯಾಸದ ದೋಷ ಅಲ್ಲ" ಎಂದೆ. "ದೋಷ ನಂದು. ಅವರು ಎಡ ಅಂತಾನೇ ಬರೆದಿದ್ರು, ನಾನು ತಿದ್ದಿದೆ. ನನ್ನ ತಪ್ಪನ್ನ ಸೀಲ್ ಮಾಡಿ ಅವರ ಹೆಸರು ಹಾಕ್ಬೇಡಿ."

"ಅದನ್ನೆಲ್ಲ ಫಲಕದಲ್ಲಿ ಹಾಕೋಕಾಗಲ್ಲ ಮೇಡಂ. ಐವತ್ತು ಪದ ಅಷ್ಟೇ."

"ಹಾಗಾದ್ರೆ ಗಾಡಿ ಕೊಡಲ್ಲ."

ಇವರು ತಲೆಯೆತ್ತಿ ನನ್ನನ್ನು ನೋಡಿದರು. ಶೆಡ್ಡಿನ ಒಡತಿ ನಾನಲ್ಲ ಎಂಬುದು ಆಗ ನೆನಪಾಯಿತು. ಅತ್ತಿಗೆ ಮೆಟ್ಟಿಲಿಳಿದು ಬರುತ್ತಿದ್ದರು. ನನಗೇ ಬಂತು ಎಂದುಕೊಂಡೆ. ನನ್ನನ್ನು ದಾಟಿ ಹೋದರು.

"ಯಾರ್ರೀ ವಿಫಲ?"

"ಅಮ್ಮಾ, ಅದು ಬರೀ ಒಂದು..."

"ನಮ್ಮಪ್ಪನ ಗಾಡೀನ ಡಬ್ಬ ಅಂತೀನಿ, ಶವಪೆಟ್ಟಿಗೆ ಅಂತೀನಿ, ಅದು ನಮ್ಮನೆ ಮಾತು. ನೀವ್ಯಾರು ಅನ್ನೋಕೆ? ಒಂದು ದಿನ ಅಪ್ಪ ಕೆಲಸದಿಂದ ಬಂದು ಶೂ ಕೂಡ ಬಿಚ್ಚದೆ ಗೋಡೆ ನೋಡ್ಕೊಂಡು ಕೂತಿದ್ರು. ನನಗೆ ಎಂಟು ವರ್ಷ. ಯಾಕೆ ಅಂತ ಯಾರೂ ಹೇಳಲಿಲ್ಲ. ಅಪ್ಪ ಪುಸ್ತಕದಲ್ಲಿ ಬರೆದಿದ್ದನ್ನ ಇವನು ನಿನ್ನೆ ಹೇಳಿದ್ಮೇಲೆ ಗೊತ್ತಾಯ್ತು ಯಾಕೆ ಅಂತ. ಎಷ್ಟು ದಿನ ಬೇಕಮ್ಮ ನಿಂಗೆ?"

ಕೊನೆಯದು ನನಗೆ.

"ಎರಡು ವಾರ ಅತ್ತಿಗೆ."

"ಮಿಷಿನ್ನು?" ಎಂದರು ಇವರು.

"ನನ್ನ ಊಟದ ಕೋಣೇಲಿ ಇಡ್ತೀನಿ. ನಿಂತ್ಕೊಂಡು ತಿಂತೀನಿ. ನೀನು ಸುಮ್ನಿರೋ, ಸ್ಟೂಲು ಹತ್ತೋನೆ."

ಪಟ್ಟಿ ಸಾಹೇಬರು 'ವಿಫಲ' ಹೊಡೆದುಹಾಕಿ 24ಕ್ಕೆ ಮತ್ತೆ ಬರುತ್ತೇನೆಂದರು.

ಏಪ್ರಿಲ್ 16, ಬುಧವಾರ

ನಿನ್ನೆ ಇವರ ಪ್ಲಾಸ್ಟರು ತೆಗೆದರು. ಒಳಗಿನಿಂದ ಬಂದ ಕೈಗಳು ಕತ್ತಲಲ್ಲಿ ಮೊಳೆತ ಕಾಳಿನ ಹಾಗಿವೆ. ಬೆಳಿಗ್ಗೆ ತಾವೇ ಹಲ್ಲುಜ್ಜಿಕೊಂಡರು. ಬಾಗಿಲ ಚಿಲಕ ತೆಗೆದರು. ಎಲ್ಲಿಗೋ ಹೋಗುತ್ತಾರೆಂದುಕೊಂಡೆ, ನೇರ ಶೆಡ್ಡಿಗೆ ಬಂದರು.

ರಜೆಯನ್ನು ಇನ್ನೆರಡು ವಾರ ಮುಂದುವರಿಸಿಕೊಂಡಿದ್ದೇನೆ. ನಾನು ಗೇರ್‌ಬಾಕ್ಸಿನ ಮುಚ್ಚಳ ತೆಗೆಯುತ್ತಿದ್ದೆ.

"ಕೊಡಿಲ್ಲಿ, ನಾನು ಮಾಡ್ತೀನಿ" ಎಂದು ಸ್ಪ್ಯಾನರಿಗೆ ಕೈ ಚಾಚಿದರು.

"ಲೈಟ್ ಹಿಡೀರಿ ಸಾಕು."

"ಅಲ್ಲ ಕಣೇ, ಈಗ ನನ್ನ ಕೈ..."

"ನಿಮ್ಮ ಕೈಯಲ್ಲಿ ಬಲ ಇಲ್ಲ. ಅಡ್ಡಡ್ಡ ಬಿಚ್ಚಬೇಕು, ಇಲ್ದಿದ್ರೆ ಮುಚ್ಚಳ ಸೊಟ್ಟಗಾಗತ್ತೆ. ಲೈಟು ಸ್ವಲ್ಪ ಕೆಳಗೆ. ನನ್ನ ಕಣ್ಣಿಗಲ್ಲ, ಬೋಲ್ಟಿಗೆ!"

ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ, "ನೀನು ಕೂಗಾಡ್ತೀಯ" ಎಂದರು. ಯಾರು, ನಾನಾ?

ಅತ್ತಿಗೆ ಗೋಡೆಯಾಚೆಯಿಂದ, "ನಿಧಾನ ಮಾತಾಡ್ರಪ್ಪ, ಇಲ್ಲಿ ಆರು ಮಿಷಿನ್ನು ಓಡ್ತಿದ್ರೂ ನಿಮ್ಮದೇ ಕೇಳಿಸ್ತಿದೆ" ಎಂದರು.

ಕಿಟಕಿಯ ಪಕ್ಕದ ಪುಸ್ತಕಗಳಿಗೆ ಧೂಳು ಕೂತಿದೆ. ನಾಡಿದ್ದು ಒರೆಸಬೇಕು.

ಏಪ್ರಿಲ್ 24, ಗುರುವಾರ

ಪಟ್ಟಿ ಸಾಹೇಬರು ಹತ್ತಕ್ಕೆ ಬಂದರು. ಇವರು ನನ್ನ ಪಕ್ಕ ಕೂತರು. ಅತ್ತಿಗೆ, ಕರೆಯದೆಯೇ, ಹಿಂದಿನ ಸೀಟಿಗೆ ಹತ್ತಿ ಸಪಾಟು ನೆಲದ ಮೇಲೆ ಕಾಲು ಚಾಚಿದರು.

ಫಸ್ಟ್. ಗಾಡಿ ಮುಂದಕ್ಕೆ ಹೋಯಿತು. ನಾನು ಉಸಿರು ಬಿಟ್ಟೆ, ಇವರೂ ಬಿಟ್ಟರು. ಅಂಗಳದ ನಡುವೆ ಸೆಕೆಂಡು. ಗೇಟಿನಲ್ಲಿ ನಿಲ್ಲಿಸಿ ಹಿಂದಿರುಗಬೇಕಿತ್ತು. ಆದರೆ ಥರ್ಡ್ ಒಂದು ಬಾಕಿಯಿತ್ತು, ಅದಕ್ಕೆ ಅಂಗಳ ಸಾಲುವುದಿಲ್ಲ. ಗೇಟು ತೆರೆದಿತ್ತು.

"ಏ, ಎಲ್ಲಿಗೆ? ಏ! ಇದಕ್ಕೆ ಇನ್ಶೂರೆನ್ಸ್ ಇಲ್ಲ ಕಣೇ!"

"ಹೋಗ್ಲಿ ಬಿಡೋ" ಎಂದರು ಅತ್ತಿಗೆ ಹಿಂದಿನಿಂದ.

ರಸ್ತೆಗಿಳಿದು ಕೊಡೆಯ ಹಿಡಿಯನ್ನು ಎಳೆದು ಥರ್ಡಿಗೆ ಹಾಕಿದೆ. ಗಾಡಿ ನೂಕಿಸಿಕೊಂಡು ಹೋಗುವುದು ಬೇರೆ, ಎಳೆಸಿಕೊಂಡು ಹೋಗುವುದು ಬೇರೆ. ತಿರುವಿನಲ್ಲಿ ಗೊತ್ತಾಗುತ್ತದೆ. ಸ್ಟೀರಿಂಗು ತಿರುಗಿಸಿದ ಕಡೆಗೆ ಮೂಗು ತಾನೇ ಮೊದಲು ಹೋಗಿ ಉಳಿದದ್ದನ್ನು ಕರೆಯುತ್ತದೆ. ನನಗೆ ಇದಕ್ಕೆ ಹೋಲಿಕೆ ಹೊಳೆಯಲಿಲ್ಲ. ಹುಡುಕಲೂ ಇಲ್ಲ. ನೀರಿನ ಟ್ಯಾಂಕು ಸುತ್ತಿ, ಶಾಲೆ ಸುತ್ತಿ, ಇನ್ನೊಮ್ಮೆ ಟ್ಯಾಂಕು ಸುತ್ತಿ ಬಂದೆವು. ಎರಡನೇ ಸುತ್ತಿನಲ್ಲಿ ಇವರು ಕೂಗುವುದನ್ನು ಬಿಟ್ಟು ಕಿಟಕಿಯಿಂದ ಕೈ ಹೊರಗೆ ಹಾಕಿದ್ದರು, ಗಾಳಿಗೆ.

ಪಟ್ಟಿ ಸಾಹೇಬರು ಗೇಟಿನ ಕಂಬಕ್ಕೆ ಒರಗಿ ನಿಂತಿದ್ದರು. ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಮುಂದಕ್ಕೆ: ಮೂರು. ಹಿಂದಕ್ಕೆ: ಒಂದು. "ಹೊರಟ ಸ್ಥಳಕ್ಕೆ ಮರಳಿತೇ" ಎಂಬ ಖಾನೆಯಲ್ಲಿ "ತಡವಾಗಿ" ಎಂದು ಬರೆದಿದ್ದರು. ಕೆಳಗೆ ಸಹಿ, ಓಡುವ ವಿಭಾಗದ ಮುದ್ರೆ.

ಲಾರಿ ಸೋಮವಾರ ಬರುತ್ತದೆ ಎಂದರು.

ಮಂಗಳವಾರ ಬಂದರೆ ಆಗುವುದಿಲ್ಲವೇ ಎಂದು ಕೇಳಿದೆ. ಯಾಕೆ ಎಂದರು. ಸುಮ್ಮನೆ ಎಂದೆ.